ಪಾಟೀಲ ಅಂದರೆ ಎಲ್ಲರೂ ಅಣ್ಣತಮ್ಮಂದಿರೇ? ವಂಶಾವಳಿ ಬರೆಯುವವರಿಗೆ ಒಂದು ಪ್ರಶ್ನೆ

ಬೇರುಹುಡುಕು:
ಒಂದೇ ತಾಲ್ಲೂಕಿನ ಊರುಗಳಲ್ಲಿ ಲಿಂಗಾಯತ, ಜೈನ, ಮುಸ್ಲಿಂ ಮೂವರಲ್ಲೂ ಪಾಟೀಲ ಮನೆಗಳಿವೆ. ಮೂಲದಲ್ಲಿ ಒಂದೇ ಮನೆತನ ಇದ್ದಿರಬಹುದೇ? ಅದು ಬೇಡ, ಎರಡು ಊರಿನ ಲಿಂಗಾಯತ ಪಾಟೀಲರು ಒಂದೇ ಬುಡದವರು ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಹಳೆಉತಾರ:
ಪಾಟೀಲ ಅನ್ನೋದು ಹುದ್ದೆ, ರಕ್ತದ ಗುರುತಲ್ಲ. ಊರಿನ ಮುಖ್ಯಸ್ಥ ಪಾಟೀಲ, ಲೆಕ್ಕ ಬರೆಯುವವ ಕುಲಕರ್ಣಿ, ಹಲವು ಹಳ್ಳಿ ಸೇರಿದ ಪರಗಣೆಗೆ ದೇಸಾಯಿ, ದೇಶಪಾಂಡೆ. ಯಾವ ಊರಲ್ಲಿ ಯಾರ ಕೈಯಲ್ಲಿ ಪಾಟೀಲಕಿ ಇತ್ತೋ ಅವರೇ ಪಾಟೀಲರು. ಮತಾಂತರದ ಕತೆ ಹುಡುಕೋ ಅಗತ್ಯ ಇಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ಹುದ್ದೆ ಹೋಯಿತು, ಹೆಸರು ಉಳಿಯಿತು.

ಎರಡನೇ ಪ್ರಶ್ನೆಗೆ: ಮೊದಲು ಬೆಡಗು (ತಂದೆಯಿಂದ ಬರುವ ಕುಲದ ಹೆಸರು), ಮನೆದೇವರು ಕೇಳಿ. ಬೆಡಗು ಬೇರೆ ಅಂದರೆ ಗಂಡು ಸಂತಾನದ ಕಡೆಯಿಂದ ಒಂದೇ ಬುಡ ಅಲ್ಲ, ಅಲ್ಲಿಗೇ ಬಿಡಿ. ಒಂದೇ ಆದರೂ ಸಾಬೀತಾದಂತಲ್ಲ, ಬೆಡಗು ದೊಡ್ಡದು. ಆ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದದ್ದಿದೆಯಾ ನೋಡಿ. ಇದ್ದರೆ ಅದು ಬೀಗತನ, ಅಣ್ಣತಮ್ಮಿಕಿ ಅಲ್ಲ.

ಆಮೇಲೆ ಕಾಗದ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಡ್ಡಹೆಸರು ಹಿಡಿದು ಹುಡುಕಬೇಡಿ. ಹಳೆ ನೋಂದಣಿಯಲ್ಲಿ ಬರೀ "ಬಸನಗೌಡ ತಂದೆ ಶಂಕರಗೌಡ" ಅಂತ ಇರುತ್ತೆ. ವತನ ಜಮೀನಿನ (ಹುದ್ದೆಗಾಗಿ ಕೊಟ್ಟಿದ್ದ ಜಮೀನು) ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಿ: ಈಗಿನ ಉತಾರ (ಪಹಣಿ), ವತನ ರದ್ದಾದ ಮೇಲೆ ಜಮೀನನ್ನು ಮರಳಿ ಕೊಟ್ಟ ರೀಗ್ರಾಂಟ್ ಆದೇಶ, ಅದಕ್ಕೂ ಹಿಂದಿನ ವಾರಸಾ ನೋಂದಣಿ (ಸತ್ತವರ ಜಾಗದಲ್ಲಿ ವಾರಸುದಾರರ ಹೆಸರು ಸೇರಿಸಿದ್ದು). ಮುಂಬೈ ಪ್ರಾಂತದಲ್ಲಿದ್ದ ಜಿಲ್ಲೆಗಳಾದರೆ ತೀರಾ ಹಳೆಯವು ಮೋಡಿ ಲಿಪಿಯಲ್ಲಿರುತ್ತವೆ (ಮರಾಠಿ ಬರೆಯುತ್ತಿದ್ದ ಹಳೆ ಕೂಡುಬರಹ), ಓದುವವರನ್ನು ಕರೆದುಕೊಂಡೇ ಹೋಗಬೇಕು.

ಹೆಚ್ಚಿನವರು ಎಡವೋದು ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಲ್ಲಿ. ಶಂಕರಗೌಡನ ಮಗ ಬಸನಗೌಡ, ಅವನ ಮಗ ಮತ್ತೆ ಶಂಕರಗೌಡ. ಇಬ್ಬರು ಶಂಕರಗೌಡರನ್ನು ಒಬ್ಬನೇ ಅಂದುಕೊಂಡರೆ ಎರಡು ತಲೆಮಾರು ನುಂಗಿಹೋಗುತ್ತೆ. ಒಂದು ವಾರಸಾ ನೋಂದಣಿಗೂ ಮುಂದಿನದಕ್ಕೂ 60 ವರ್ಷದ ಅಂತರ ಕಂಡರೆ ನಡುವೆ ಒಬ್ಬ ತಪ್ಪಿದ್ದಾನೋ ಅಂತ ಅನುಮಾನಪಡಿ.

ಕಡಲಕರೆ:
ಮೇಲಿನ ಲೆಕ್ಕವನ್ನು ಕರಾವಳಿಗೆ ಹಾಗೇ ಹಚ್ಚಬೇಡಿ. ಹೆಸರು ಒಂದೇ, ಸಮುದಾಯ ಬೇರೆ ಅನ್ನೋದು ಇಲ್ಲೂ ಇದೆ, ಹೆಗಡೆ ಹೆಸರನ್ನೇ ನೋಡಿ: ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಹವ್ಯಕರು, ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ ಬಂಟರು, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆ ಜೈನರು.

ವ್ಯತ್ಯಾಸ ಇರೋದು ವಂಶ ಎಣಿಸುವುದರಲ್ಲಿ. ಬಂಟರಲ್ಲಿ ಬಳಿ (ಕುಲ; ಒಂದೇ ಬಳಿಯೊಳಗೆ ಮದುವೆ ಇಲ್ಲ) ತಾಯಿಯಿಂದ ಬರುತ್ತೆ, ಶೆಟ್ಟಿ, ರೈ ಅನ್ನೋದನ್ನು ಈಗ ಸಾಮಾನ್ಯವಾಗಿ ತಂದೆಯಿಂದ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಇಬ್ಬರು ಶೆಟ್ಟಿಗಳಿಗೆ ಮದುವೆ ಆಗಬಹುದು, ಒಬ್ಬ ಶೆಟ್ಟಿಗೂ ಒಬ್ಬಳು ರೈಗೂ ಬಳಿ ಒಂದೇ ಅನ್ನೋ ಕಾರಣಕ್ಕೆ ಮದುವೆ ಆಗದೇ ಇರಬಹುದು. ವಂಶಾವಳಿಯನ್ನು ತಾಯಿಯಿಂದ ತಾಯಿಗೆ ಎಳೆಯಿರಿ. ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ) ಕಾಲದ ದಸ್ತಾವೇಜಿನಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗಿರುತ್ತೆ. ಅಭ್ಯಾಸಬಲದಿಂದ ಅವರನ್ನು ಅಪ್ಪ-ಮಗ ಅಂತ ಬರೆದರೆ ಇಡೀ ಮರ ತಲೆಕೆಳಗು.

ಗುಡ್ಡದಂಚು:
ಗೌಡ, ನಾಯಕರದ್ದೂ ಇದೇ ಪಾಡು. ದೇವೇಗೌಡರು ಹಾಸನ ಕಡೆಯ ಒಕ್ಕಲಿಗರು, ಗಿಡ ಬೆಳೆಸಿ ಪದ್ಮಶ್ರೀ ಪಡೆದ ಅಂಕೋಲೆಯ ತುಳಸಿ ಗೌಡ ಹಾಲಕ್ಕಿ ಸಮುದಾಯದವರು. ನಾಯಕ ಅಂದರೆ ಉತ್ತರ ಕನ್ನಡದ ನಾಡವ ಸಮುದಾಯದವರೂ ಆಗಬಹುದು, ಗೌಡ ಸಾರಸ್ವತರೂ ಆಗಬಹುದು, ವಾಲ್ಮೀಕಿ ನಾಯಕರೂ ಆಗಬಹುದು. ಲಂಬಾಣಿ ತಾಂಡಾದ ಮುಖಂಡನೂ ನಾಯ್ಕನೇ. ಇಂಗ್ಲಿಷ್ ಕಾಗುಣಿತ ನೋಡಿ ಬೇರ್ಪಡಿಸಲು ಹೋಗಬೇಡಿ, ಒಂದೇ ಮನೆಯ ಅಣ್ಣ ತಮ್ಮ ಶಾಲೆಯಲ್ಲಿ ಬರೆಸಿದ್ದು ಬೇರೆ ಬೇರೆ ಇರುತ್ತೆ.

ಬೇರುಹುಡುಕು:
ರೀಗ್ರಾಂಟ್ ಆದೇಶ ಸಿಗದಿದ್ದರೆ?

ಹಳೆಉತಾರ:
ಆ ಸರ್ವೆ ನಂಬರಿನ ಮ್ಯುಟೇಶನ್ (ಹಕ್ಕು ಬದಲಾವಣೆ) ವಹಿಯಲ್ಲಿ 1963ರ ನಂತರದ ನೋಂದಣಿ ನೋಡಿ. ಆದೇಶದ ನಂಬರ್, ತಾರೀಖು ಅಲ್ಲಿ ನಮೂದಾಗಿದ್ದರೆ ಅದನ್ನೇ ಹಾಕಿ ನಕಲಿಗೆ ಅರ್ಜಿ ಕೊಡಿ. ಬರೀ ಊರು, ಹೆಸರು ಬರೆದ ಅರ್ಜಿ ಸಾಮಾನ್ಯವಾಗಿ "ಲಭ್ಯವಿಲ್ಲ" ಅಂತ ವಾಪಸ್ ಬರುತ್ತೆ.