ಅಪ್‌ಡೇಟ್: ನಮ್ಮ ಹೆಬ್ಬಾತುಗಳು ಮೊಟ್ಟೆ ಇಡುತ್ತಿವೆ

ಒಳ್ಳೆಯ ಮೇವು ಹಾಕಿದರೂ ಹೆಬ್ಬಾತುಗಳು ಬೇಸಿಗೆಯಲ್ಲಿ ಮೊಟ್ಟೆ ನಿಲ್ಲಿಸಿದ್ದೇಕೆ ಎಂದು ಕೇಳಿದ್ದೆ. ಮೇವನ್ನಲ್ಲ, ಬೆಳಕನ್ನು ಗಮನಿಸಿ ಎಂದವರಿಗೆ ಮನಸಾರೆ ವಂದನೆಗಳು. ದೀಪಾವಳಿಯ ಹೊತ್ತಿಗೆ ಮೊಟ್ಟೆ ಶುರುವಾಯಿತು; ಈಗ ಒಂದು ಹೆಣ್ಣು ಕಾವಿಗೆ ಕುಳಿತಿದೆ.

ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಹಕ್ಕಿಗಳು ಹಗಲಿನ ಉದ್ದವನ್ನು ಕಣ್ಣಿನಿಂದಷ್ಟೇ ಅಳೆಯುವುದಿಲ್ಲ. ಬೆಳಕು ತಲೆಬುರುಡೆಯನ್ನು ದಾಟಿ ಮಿದುಳಿನ ಆಳದ ಹೈಪೊಥಲಮಸ್‌ಗೆ ತಲುಪುತ್ತದೆ. ಸಂತಾನದ ಹಾರ್ಮೋನುಗಳಿಗೆ ಸೂಚನೆ ಹೋಗುವುದು ಅಲ್ಲಿಂದಲೇ. ಯುರೋಪಿನ ತಳಿಗಳು ಹಗಲು ಹಿಗ್ಗುವಾಗ ಮೊಟ್ಟೆಗೆ ಬರುತ್ತವೆ, ದೀರ್ಘ ಹಗಲು ಮುಂದುವರಿದರೆ ನಿಲ್ಲಿಸುತ್ತವೆ. ದಕ್ಷಿಣ ಚೀನಾದ ಮಾಗಾಂಗ್ ತಳಿಯದು ತದ್ವಿರುದ್ಧ: ಹಗಲು ಕುಗ್ಗಿದಾಗಲೇ ಅದಕ್ಕೆ ಮೊಟ್ಟೆಯ ಕಾಲ. ನಮ್ಮವಕ್ಕೂ ಕೊಕ್ಕಿನ ಬುಡದಲ್ಲಿ ಗುಬುಟು ಇದೆ, ಚೀನಾ ಮೂಲದವೇ ಇರಬೇಕು.

ದಾವಣಗೆರೆಯಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ 2 ಗಂಟೆಗಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನು ರಾತ್ರಿಯಿಡೀ ಉರಿಯುವ ದೀಪ ಅಳಿಸಿಹಾಕಬಲ್ಲದು. ಆದ್ದರಿಂದ ಗೂಡಿಗೆ ಗಟ್ಟಿ ಜಾಲರಿ ಹಾಕಿಸಿ, ನಾಯಿಗಳ ಭಯಕ್ಕೆ ಹಚ್ಚುತ್ತಿದ್ದ ಬಲ್ಬನ್ನು ತೆಗೆದೆವು. ಭದ್ರಾ ನಾಲೆಯ ನೀರು, ಹಸಿ ಹುಲ್ಲು ಕೂಡ ನೆರವಾಗಿರಬಹುದು; ಎಲ್ಲವನ್ನೂ ಬೆಳಕಿನ ಲೆಕ್ಕಕ್ಕೇ ಬರೆಯಲಾರೆ. ಕಾವು ಮುಗಿಯಲು ಸುಮಾರು 30 ದಿನ ಬೇಕು. ಮರಿಗಳಾದರೆ ಖಂಡಿತ ತಿಳಿಸುತ್ತೇನೆ.