ಪಕ್ಕೆಲುಬು ಬಿರುಕು ಬಿಟ್ಟರೆ ಕಟ್ಟು ಯಾಕೆ ಹಾಕುವುದಿಲ್ಲ?

ಮೂಡಿಗೆರೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಹೋದ ವಾರ ಮೆಣಸು ಕೊಯ್ಯುವಾಗ ಅಪ್ಪ ಸಿಲ್ವರ್ ಮರಕ್ಕೆ ಹಾಕಿದ್ದ ಏಣಿಯಿಂದ ಜಾರಿ ಎಡಮಗ್ಗುಲಿಗೆ ಬಿದ್ದರು. ಅವರಿಗೆ 61 ವರ್ಷ. ಎಕ್ಸ್‌ರೇ ತೆಗೆಸಿದೆವು. ಎಡಗಡೆಯ 7 ಮತ್ತು 8ನೇ ಪಕ್ಕೆಲುಬು ಬಿರುಕು ಬಿಟ್ಟಿವೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲ ಎಂದರು ಡಾಕ್ಟರು. ನೋವಿನ ಮಾತ್ರೆ ಬರೆದುಕೊಟ್ಟರು. ಮೂರು ಚೆಂಡು ಇರುವ ಪ್ಲಾಸ್ಟಿಕ್ ಉಪಕರಣ ಕೊಟ್ಟು ಉಸಿರಿನ ವ್ಯಾಯಾಮ ಮಾಡಿಸಿ ಎಂದರು. ಕಟ್ಟು ಮಾತ್ರ ಹಾಕಲಿಲ್ಲ.

ಮನೆಯಲ್ಲಿ ಈಗ ಅದೇ ಚರ್ಚೆ. ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಇಲ್ಲಿ ಎರಡು ಮೂಳೆ ಹೋಗಿದೆ, ಬಟ್ಟೆಯನ್ನಾದರೂ ಬಿಗಿಯಾಗಿ ಸುತ್ತಬೇಡವಾ ಎಂದು ದೊಡ್ಡಪ್ಪ ಕೇಳುತ್ತಾರೆ. ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಕಟ್ಟಿಸೋಣ ಎನ್ನುತ್ತಿದ್ದಾರೆ. ಅಪ್ಪನ ಚಿಂತೆ ಬೇರೆ. ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಪಕ್ಕೆಲುಬುಗಳು ಮುಂದೆ ಅರ್ಧಕ್ಕೇ ನಿಂತಿವೆ. ಎದೆಯ ನಡುಮೂಳೆಗೆ ಸೇರುವುದೇ ಕಾಣುವುದಿಲ್ಲ. ಎಲ್ಲವೂ ಮುರಿದಿರಬೇಕು, ನನಗೆ ಎರಡೇ ಎಂದು ಹೇಳಿದ್ದಾರೆ ಎನ್ನುವುದು ಅವರ ಅನುಮಾನ.

ನೋವಿಗೆ ಹೆದರಿ ಸಣ್ಣ ಸಣ್ಣ ಉಸಿರು ತೆಗೆಯುತ್ತಾ ಮಲಗಿಯೇ ಇರುತ್ತಾರೆ. ಆ ಚೆಂಡಿನ ಉಪಕರಣ ಮುಟ್ಟುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂದು ಅಪ್ಪನಿಗೆ ಓದಿ ಹೇಳುವ ಹಾಗೆ ಯಾರಾದರೂ ಬರೆಯುತ್ತೀರಾ?

ಫಿಸಿಯೋ, ಹಾಸನ:

ತಂಗಿ, ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಮೆಣಸಿನ ಸೀಸನ್ನಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಏಣಿಯಿಂದ ಬಿದ್ದವರು ಬರುತ್ತಲೇ ಇರುತ್ತಾರೆ. ನಿಮ್ಮ ಅಪ್ಪನವರಿಗೇ ನೇರವಾಗಿ ಬರೆಯುತ್ತೇನೆ, ಓದಿ ಹೇಳಿ.

ಯಜಮಾನರೇ, ಮೊದಲು ಎಕ್ಸ್‌ರೇ ವಿಚಾರ. ನಿಮ್ಮ ಪಕ್ಕೆಲುಬುಗಳು ಅರ್ಧಕ್ಕೆ ನಿಂತಿಲ್ಲ. ಪ್ರತಿ ಪಕ್ಕೆಲುಬಿನ ಮುಂದಿನ ತುದಿ ಮೂಳೆ ಅಲ್ಲ, ಮೆದುಮೂಳೆ. ಕಿವಿಯ ಹಾಲೆಯ ಮೇಲೆ ಗಟ್ಟಿಯಾಗಿ ಬಾಗುವ ಭಾಗ ಇದೆಯಲ್ಲ, ಆ ಜಾತಿಯದು. ಎಕ್ಸ್‌ರೇ ಅದನ್ನು ದಾಟಿ ಹೋಗಿಬಿಡುತ್ತದೆ, ಅದಕ್ಕೆ ಹಾಳೆಯಲ್ಲಿ ಬೀಳುವುದಿಲ್ಲ. ನನ್ನ ಎಕ್ಸ್‌ರೇ ತೆಗೆದರೂ ಹೀಗೇ ಕಾಣುತ್ತದೆ.

ಪಕ್ಕೆಲುಬು ಒಟ್ಟು 12 ಜೊತೆ. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಸೇರುತ್ತವೆ. ಮುಂದೆ ಮಾತ್ರ ವ್ಯತ್ಯಾಸ. ಮೊದಲ 7 ಜೊತೆ ತಮ್ಮದೇ ಮೆದುಮೂಳೆಯಿಂದ ಎದೆಯ ನಡುಮೂಳೆಗೆ ಸೇರುತ್ತವೆ. 8, 9, 10 ತಮ್ಮ ಮೇಲಿನದರ ಮೆದುಮೂಳೆಗೆ ಅಂಟಿಕೊಳ್ಳುತ್ತವೆ. 11 ಮತ್ತು 12 ಎಲ್ಲಿಗೂ ಸೇರುವುದಿಲ್ಲ, ಹೊಟ್ಟೆಯ ಸ್ನಾಯುವಿನಲ್ಲಿ ಮುಗಿಯುತ್ತವೆ.

ಈಗ ಕಟ್ಟಿನ ವಿಚಾರ. ಮುರಿದ ಕೈಯನ್ನು ಅಲ್ಲಾಡಿಸದೆ ಇಡಬಹುದು. ಪಕ್ಕೆಲುಬನ್ನು ಇಡಲು ಆಗುವುದಿಲ್ಲ. ನಿಮಿಷಕ್ಕೆ 15 ಉಸಿರು ಎಂದರೂ ದಿನಕ್ಕೆ 21,600 ಸಲ ಅದು ಕದಲುತ್ತದೆ. ಶ್ವಾಸಕೋಶಕ್ಕೆ ತಾನಾಗಿಯೇ ಹಿಗ್ಗುವ ಸ್ನಾಯು ಇಲ್ಲ. ಅದರ ಮೇಲೆ ಒಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಇನ್ನೊಂದು. ನಡುವೆ ಸ್ವಲ್ಪ ದ್ರವ. ಎದೆಗೂಡು ಹಿಗ್ಗಿದರೆ ಶ್ವಾಸಕೋಶವೂ ಅದರ ಜೊತೆಗೆ ಹಿಗ್ಗುತ್ತದೆ, ಒಳಗೆ ಒತ್ತಡ ಕಡಿಮೆಯಾಗುತ್ತದೆ, ಗಾಳಿ ನುಗ್ಗುತ್ತದೆ. ಕೆಳಗಿನ ಪಕ್ಕೆಲುಬುಗಳು ಉಸಿರೆಳೆದಾಗ ಪಕ್ಕಕ್ಕೆ ಏಳುತ್ತವೆ. ಕೆಳಗೆ ಬಿದ್ದಿರುವ ಬಕೆಟ್ಟಿನ ಹಿಡಿಯನ್ನು ಎತ್ತಿದರೆ ಅದು ಹೊರಕ್ಕೆ ಬಂದು ಮೇಲೇಳುತ್ತದಲ್ಲ, ಹಾಗೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಅಗಲವಾದ ಸ್ನಾಯು ಇದೆ. ಸುಮ್ನೆ ಕೂತಾಗ ಉಸಿರಿನ ಹೆಚ್ಚಿನ ಕೆಲಸ ಅದರದೇ. ಅದರ ಅಂಚು ಕೆಳಗಿನ 6 ಜೊತೆ ಪಕ್ಕೆಲುಬುಗಳ ಒಳಮೈಯನ್ನು ಹಿಡಿದಿದೆ. ನಿಮ್ಮ 7, 8 ಅದರಲ್ಲೇ ಬಂದವು. ಅದಕ್ಕೇ ಪ್ರತಿ ಉಸಿರಿಗೂ ಚುಚ್ಚುತ್ತದೆ. ಸಾಲದ್ದಕ್ಕೆ ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲೇ ಒಂದು ನರ ಓಡುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಗೂಡುಗಳಿವೆ. ಆರೋಗ್ಯವಾಗಿದ್ದಾಗ ನಮಗೆ ಗೊತ್ತಿಲ್ಲದೆಯೇ ಆಗಾಗ ಒಂದು ದೊಡ್ಡ ಉಸಿರು ಎಳೆಯುತ್ತೇವೆ. ಮುಚ್ಚಿಕೊಂಡ ಗೂಡುಗಳು ಆಗ ಮತ್ತೆ ತೆರೆಯುತ್ತವೆ. ನೋವಿಗೆ ಹೆದರಿ ದೊಡ್ಡ ಉಸಿರು ಬಿಟ್ಟುಬಿಟ್ಟರೆ ಕೆಳಭಾಗದ ಗೂಡುಗಳು ಮುಚ್ಚಿಯೇ ಉಳಿಯುತ್ತವೆ. ಕಫ ಅಲ್ಲೇ ನಿಲ್ಲುತ್ತದೆ. ನ್ಯುಮೋನಿಯಾ ಶುರುವಾಗುವುದು ಹೀಗೆ. ಬಿಗಿಯಾಗಿ ಕಟ್ಟಿದರೆ ನೋವು ಸ್ವಲ್ಪ ಕಡಿಮೆ ಅನಿಸಬಹುದು, ಆದರೆ ಈ ಅಪಾಯ ಜಾಸ್ತಿಯಾಗುತ್ತದೆ. ಹಿಂದೆ ಆಸ್ಪತ್ರೆಗಳಲ್ಲೂ ಅಂಟುಪಟ್ಟಿ ಸುತ್ತುತ್ತಿದ್ದರು. ಇದೇ ಕಾರಣಕ್ಕೆ ಬಿಟ್ಟರು. ಪಕ್ಕೆಲುಬುಗಳ ನಡುವೆ ಮೂರು ಪದರ ಸ್ನಾಯು ಇದೆ. ಬಿರುಕು ಬಿಟ್ಟ ಮೂಳೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಅದೇ ಹಿಡಿದಿಡುತ್ತದೆ.

ತಂಗಿ, ಮಾತ್ರೆಯನ್ನು ಡಾಕ್ಟರು ಹೇಳಿದ ಹೊತ್ತಿಗೆ ಕೊಡಿ. ನೋವು ಕಡಿಮೆಯಾದಾಗ ಎಬ್ಬಿಸಿ ನೇರವಾಗಿ ಕೂರಿಸಿ. ಆ ಉಪಕರಣವನ್ನು ಊದುವುದಲ್ಲ, ನಿಧಾನವಾಗಿ ಎಳೆಯಬೇಕು. ಚೆಂಡು ಮೇಲೆದ್ದ ಮೇಲೆ ಎರಡು ಮೂರು ಸೆಕೆಂಡು ಹಿಡಿದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ. ಕೆಮ್ಮು ಬಂದರೆ ತಡೆಯಬೇಡಿ. ಮಗ್ಗುಲಿಗೆ ದಿಂಬು ಒತ್ತಿಕೊಂಡು ಕೆಮ್ಮಲಿ.

ಬೇಲೂರು ಮೇಷ್ಟ್ರು:

ಮೇಡಂ ಚೆನ್ನಾಗಿ ಬರೆದಿದ್ದಾರೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವನು ನಾನು. ಒಂದು ಮಾತು ಸೇರಿಸುತ್ತೇನೆ. ಯಜಮಾನರಿಗೆ ಎಲೆ ಅಡಿಕೆ ಅಭ್ಯಾಸ ಇದ್ದರೆ, ಚೆಂಡು ಎಳೆಯುವ ಮೊದಲು ಬಾಯಿ ಮುಕ್ಕಳಿಸಲಿ.

ಕಾರಣ ಹೀಗಿದೆ. ಕತ್ತಿನ ಬುಡದ ಗುಳಿಯಿಂದ ಎದೆಯ ನಡುಮೂಳೆ ಮೇಲೆ ಬೆರಳನ್ನು ಕೆಳಗೆ ಜಾರಿಸಿ. ಮೂರು ನಾಲ್ಕು ಬೆರಳಿನಷ್ಟು ಕೆಳಗೆ ಅಡ್ಡವಾಗಿ ಒಂದು ಉಬ್ಬು ಸಿಗುತ್ತದೆ. 2ನೇ ಪಕ್ಕೆಲುಬು ಅಲ್ಲಿಗೆ ಸೇರುತ್ತದೆ. ಡಾಕ್ಟರು ಪಕ್ಕೆಲುಬು ಎಣಿಸಲು ಶುರು ಮಾಡುವುದೂ ಅಲ್ಲಿಂದಲೇ, ಏಕೆಂದರೆ 1ನೆಯದು ಕತ್ತಿನೆಲುಬಿನ ಅಡಿಯಲ್ಲಿ ಅಡಗಿದೆ. ಆ ಉಬ್ಬಿನ ಮಟ್ಟದಲ್ಲೇ ಒಳಗೆ ಶ್ವಾಸನಾಳ ಎರಡಾಗಿ ಒಡೆಯುತ್ತದೆ. ಬಲಗಡೆಯ ಕವಲು ಅಗಲ, ಗಿಡ್ಡ, ಜಾಸ್ತಿ ನೇರ. ಎಡಗಡೆಯದು ಕಿರಿದು, ಹೆಚ್ಚು ಓರೆ. ಆದ್ದರಿಂದ ಜೋರಾಗಿ ಉಸಿರೆಳೆದಾಗ ಬಾಯಲ್ಲಿದ್ದ ಅಡಿಕೆ ಚೂರು ಒಳಗೆ ಹೋದರೆ ಹೆಚ್ಚಾಗಿ ಬಲಕ್ಕೇ ಬೀಳುತ್ತದೆ. ಎಡ ಮಗ್ಗುಲಿಗೆ ಪೆಟ್ಟಾಗಿ ಬಲ ಶ್ವಾಸಕೋಶದ ಮೇಲೆ ಹೊರೆ ಜಾಸ್ತಿ ಇರುವಾಗ ಇದು ಬೇಡ ಅಲ್ವಾ?

ಮೂಡಿಗೆರೆ ಹುಡುಗಿ:

ಮೇಡಂ, ಮೇಷ್ಟ್ರೇ, ಇಬ್ಬರಿಗೂ ತುಂಬಾ ಧನ್ಯವಾದ. ಅಡಿಕೆ ಅಭ್ಯಾಸ ಇದೆ! ಪೂರ್ತಿ ಓದಿ ಹೇಳಿದೆ. ಮೆದುಮೂಳೆ ಎಂದು ಗೊತ್ತಾದ ಮೇಲೆ ಅಪ್ಪ ಎಕ್ಸ್‌ರೇ ಮಡಚಿಟ್ಟರು. ದೊಡ್ಡಪ್ಪ 21,600 ಅನ್ನು ತಾವೇ ಲೆಕ್ಕ ಹಾಕಿ ನೋಡಿ, ಹಾಗಾದರೆ ಕಟ್ಟು ಬೇಡ ಎಂದರು. ಸಂಜೆ ಕೂರಿಸಿ ಎಳೆಸಿದೆ. ಒಂದು ಚೆಂಡು ಮೇಲೆ ಹೋಯಿತು, ಎರಡನೆಯದು ಅಲ್ಲಾಡಿತು. ಎಷ್ಟು ದಿನಕ್ಕೆ ಕೂಡಿಕೊಳ್ಳುತ್ತದೆ? ಯಾವುದಕ್ಕೆ ನಾವು ಗಾಬರಿಯಾಗಬೇಕು?

ಫಿಸಿಯೋ, ಹಾಸನ:

ಒಂದು ಚೆಂಡು ಬಂದರೂ ಸದ್ಯಕ್ಕೆ ಸಾಕು, ಒತ್ತಾಯ ಮಾಡಬೇಡಿ. ಸಾಮಾನ್ಯವಾಗಿ 6 ವಾರದ ಹೊತ್ತಿಗೆ ಕೂಡಿಕೊಳ್ಳುತ್ತದೆ. ನೋವು ಅದಕ್ಕಿಂತ ಸ್ವಲ್ಪ ಹೆಚ್ಚು ದಿನ ಇದ್ದರೂ ಆಶ್ಚರ್ಯವಿಲ್ಲ. ಮನೆಯೊಳಗೆ, ಕಣದ ಸುತ್ತ ನಡೆಯಲಿ. ಮೂಟೆ ಎತ್ತುವುದು, ಏಣಿ ಹತ್ತುವುದು ಡಾಕ್ಟರು ಹೇಳುವ ತನಕ ಬೇಡ.

ಜ್ವರ, ಏದುಸಿರು, ಕಫದಲ್ಲಿ ರಕ್ತ ಬಂದರೆ ಕೂಡಲೇ ಹೊರಡಿ. ಇನ್ನೊಂದು ಇದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಎಡಗಡೆ 9, 10, 11ನೇ ಪಕ್ಕೆಲುಬುಗಳ ಮರೆಯಲ್ಲಿ ಗುಲ್ಮ (ಸ್ಪ್ಲೀನ್) ಎಂಬ, ರಕ್ತ ತುಂಬಿದ ಮೆತ್ತನೆಯ ಅಂಗ ಇದೆ. ಬಿದ್ದ ಪೆಟ್ಟಿಗೆ ಅದು ಸೀಳಿದ್ದರೆ ಕೆಲವರಿಗೆ ಕೆಲವು ದಿನ ಕಳೆದ ಮೇಲೆ ರಕ್ತ ಸೋರುತ್ತದೆ. ಆಗ ಎಡ ಭುಜದ ತುದಿಯಲ್ಲಿ ನೋವು ಬರಬಹುದು, ಭುಜಕ್ಕೆ ಏಟೇ ಬಿದ್ದಿರದಿದ್ದರೂ! ವಪೆಯ ನರ ಹೊರಡುವುದು ಕತ್ತಿನಿಂದ. ಭುಜದ ಚರ್ಮದ ನರವೂ ಅದೇ ಮಟ್ಟದಿಂದ ಬರುತ್ತದೆ. ರಕ್ತ ವಪೆಯನ್ನು ಕೆಣಕಿದರೆ ಮೆದುಳಿಗೆ ಅದು ಭುಜದ ನೋವಾಗಿ ತಿಳಿಯುತ್ತದೆ. ಭುಜದ ನೋವಿನ ಜೊತೆ ಹೊಟ್ಟೆ ನೋವು, ತಲೆಸುತ್ತು, ತಣ್ಣನೆ ಬೆವರು ಕಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ಮತ್ತು ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗಿ.