ಸಹಾಯ ಬೇಕು: ಬಾಲ್ಡರ್ಸ್ ಗೇಟ್ 2 ಮಾಡ್‌ನಾಗ ಡೈಲಾಗ್ ಬದ್ಲಿ ನಂಬರ್ ಬರಾಕತ್ತಾವು

ಅಣ್ಣಾರ, ಅಕ್ಕಾರ, ನಮಸ್ಕಾರ್ರಿ. ನಾ ಹುಬ್ಬಳ್ಳಿ ಉಣಕಲ್ಲಿನಾಂವ, ಬಾಲ್ಡರ್ಸ್ ಗೇಟ್ 2 ಅನ್ನೋ ಕಂಪ್ಯೂಟರ್ ಗೇಮಿನ 2013ರ ಎನ್‌ಹಾನ್ಸ್ಡ್ ಎಡಿಷನ್ ಆಡಾಕತ್ತೀನಿ, ಈ ಸಲ ಪೂರಾ ಕೆಟ್ಟಾಂವ ಆಗಿ. ಮೂಲ ಗೇಮಿನ್ಯಾಗ ಕೆಟ್ಟಾಂವ ಆದ್ರ ಮಜಾ ಕಡಿಮಿ ನೋಡ್ರಿ, ರೆಪ್ಯುಟೇಶನ್ ಇಳಿದ್ರ ಅಂಗಡ್ಯಾಗ ರೇಟ್ ಏರತೈತಿ, ಏರಿದ್ರ ನಮ್ಮ ಗುಂಪಿನ್ಯಾಗಿನ ಕೋರ್ಗನ್, ಎಡ್ವಿನ್‌ನಂಥಾ ಕೆಟ್ಟಾರು ಬೈಕೋಂತ ಬಿಟ್ಟು ಹೋಗ್ತಾರ. ಅದಕ್ಕ ಒಂದು ಇವಿಲ್ ಮಾಡ್ (ಗೇಮಿಗೆ ಕೆಟ್ಟಾಂವನ ಹೊಸಾ ಮಾತು, ಕಥಿ ಸೇರಸೋದು) ಹಾಕೀನಿ, ಭಾಳ ಛಲೋ ಐತ್ರಿ. ಗಂಡನ್ನ ಹುಡುಕಿಕೊಡ್ರಿ ಅಂತ ಅಳಕೋಂತ ಬಂದಾಕಿಗೆ ನಮ್ಮ ಹೀರೋ ಅವನ ಉಂಗುರಾನ ಅರ್ಧ ರೇಟಿಗೆ ಮಾರತಾನ, ಆಕಿ ಇನ್ನೂ ಎರಡು ನಾಣ್ಯ ಬಿಡ್ರಿ ಅಂತ ಚೌಕಾಶಿ ಮಾಡ್ತಾಳ! ನಕ್ಕು ನಕ್ಕು ಹೊಟ್ಟಿ ನೋವ ಬಂತು.

ಈಗ ತ್ರಾಸ ಏನಂದ್ರ, ಮೊನ್ನಿ ಬ್ಯಾಕಪ್ ಪೆನ್‌ಡ್ರೈವಿಂದ ಹಳೇ ಡೈಲಾಗ್ ಡಾಟ್ ಟಿಎಲ್‌ಕೆ ಫೈಲ್ (ಗೇಮಿನ ಮಾತೆಲ್ಲಾ ಇರೋದು) ಕಾಪಿ ಮಾಡಿಬಿಟ್ಟೆ, ಆವಾಗಿಂದ ಮಾಡ್‌ನ ಮಾತು ಬರೋ ಜಾಗಾದಾಗೆಲ್ಲಾ ಇನ್‌ವ್ಯಾಲಿಡ್ ಅಂತ ಬಂದು ಮುಂದ ಒಂದು ನಂಬರ್ ಅಷ್ಟ. ಮೂಲ ಗೇಮಿನ ಮಾತು ಬರೋಬ್ಬರಿ ಬರ್ತಾವು. ಮಾಡ್ ಹಾಕೋ ಸಾಫ್ಟ್‌ವೇರ್ ವೈಡು, ಅದರ ಲಾಗ್‌ನಾಗ ಮಾಡ್ ಇನ್‌ಸ್ಟಾಲ್ ಆಗೇತಿ ಅಂತನ ತೋರಸತೈತಿ, ಮಾಡ್ ಫೈಲ್ ಕೂಡೋ ಓವರ್‌ರೈಡ್ ಫೋಲ್ಡರ್‌ನಾಗ ಅದರ ಫೈಲೂ ಅದಾವು.

ಮಾಡ್‌ನ ಸೆಟಪ್ ಓಪನ್ ಮಾಡಿ ರೀಇನ್‌ಸ್ಟಾಲ್ ಕೊಟ್ರ ಮಾತು ಹೊಳ್ಳಿ ಬರ್ತಾವೇನ್ರಿ? ಅದರ ಮ್ಯಾಲೆ ಇನ್ನೂ ಮೂರು ಮಾಡ್ ಅದಾವು, ಅವನ್ನೂ ತಗದು ಅದ ಆರ್ಡರಿನ್ಯಾಗ ಹಾಕಬೇಕೇನು? ಸೇವ್ ಹೋಗಬಾರದ್ರಿ, ಒಂದೂವರಿ ತಿಂಗಳಿಂದ ಅಂಗಡಿ ಮುಚ್ಚಿ ಬಂದು ರಾತ್ರಿ ಕುಂತು ಆಡಿದ್ದು. ಮಾಡಿ ನೋಡಿದಾರು ಯಾರರ ಇದ್ರ ದಯವಿಟ್ಟು ಹೇಳ್ರಿ, ಅಲ್ಲೀತನಕ ಗೇಮ್ ಮುಟ್ಟಂಗಿಲ್ಲ.